ಗರಿಕೆಗೆ ಹೊಡೆದ ಔಷಧಿ

ಭಾಷಣ ಮಾಡುವ ಚಟವಿರುವವನಿಗೆ ದುಡಿಯುವ ಹೆಂಡತಿ ಸಿಕ್ಕಿರಬೇಕು. ಆಗ ಅವನ ಸಿದ್ಧಾಂತಗಳು ಬಹಳ ಕಾಲ ಬಾಳುತ್ತವೆ. ನನ್ನವು ಕಮಲಳ ಮಂಡಿ ಗಟ್ಟಿಯಾಗಿರುವ ತನಕ ಬಾಳಿದವು. ಜೆ.ಪಿ. ನಗರದಲ್ಲಿ, ಜರಗನಹಳ್ಳಿಗೆ ತಾಗಿದಂತಿರುವ ನಮ್ಮ ರಸ್ತೆಯಲ್ಲಿ, ಮನೆಯ ಮುಂದೆ ಮಣ್ಣು ಉಳಿಸಿಕೊಂಡವರು ನಾವೊಬ್ಬರೇ. ಉಳಿದವರೆಲ್ಲ ಕಾರು ನಿಲ್ಲಿಸಲೆಂದು ಟೈಲ್ಸ್ ಹಾಕಿಸಿದರು. ನಮಗೆ ಕಾರಿಲ್ಲ, ಹಾಗಾಗಿ ಪರಿಸರಪ್ರೇಮ ಖರ್ಚಿಲ್ಲದೆ ಬಂತು. ಎರಡು ದಾಸವಾಳ, ಒಂದು ಕರಿಬೇವು, ಒಂದು ಪಾರಿಜಾತ, ಅವುಗಳ ನಡುವೆ ಗರಿಕೆ, ತುಂಬೆ ಮತ್ತು ಹೆಸರು ಗೊತ್ತಿಲ್ಲದ ನೂರೆಂಟು ಕಳೆ. ಕಳೆಯನ್ನು ಕಮಲ ಕುಕ್ಕರಗಾಲಿನಲ್ಲಿ ಕುಳಿತು ಕೀಳುತ್ತಿದ್ದಳು. ಗರಿಕೆಯನ್ನು ಮಾತ್ರ ದೇವರಿಗೆಂದು ಬಿಡುತ್ತಿದ್ದಳು. ನಾನು ಪಾರ್ಕಿನಲ್ಲಿ ಕುಳಿತು ಅದರ ಬಗ್ಗೆ ಮಾತಾಡುತ್ತಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ನಿವೃತ್ತನಾದದ್ದು ಒಂದು ಕಾರ್ಖಾನೆಯ ಉಗ್ರಾಣದಿಂದ. ಆದರೆ ಬೆಳಗಿನ ವಾಕಿಂಗ್ ಮುಗಿಸಿ ಸಿಮೆಂಟ್ ಬೆಂಚಿನ ಮೇಲೆ ಕುಳಿತರೆ ಕೃಷಿ ವಿಜ್ಞಾನಿಯ ಧ್ವನಿ ಬರುತ್ತಿತ್ತು. ಮನೆಯ ಕೈತೋಟಕ್ಕೆ ಕಳೆ ಔಷಧಿ ಹೊಡೆಯಬಹುದೇ, ಬಾರದೇ ಎಂಬುದು ಆ ಬೆಂಚಿನ ಮುಗಿಯದ ಜಗಳ. ಹೊಡೆಯಬಹುದು ಎನ್ನುವ ಪಕ್ಷದ ನಾಯಕರು ಎದುರು ಮನೆಯ ಮೂರ್ತಿಯವರು, ಬ್ಯಾಂಕಿನಿಂದ ನಿವೃತ್ತರಾದವರು. "ಟೀ ತೋಟಕ್ಕೂ ಹೊಡೀತಾರೆ ಪುಟ್ಟಸ್ವಾಮಿಯವ್ರೇ, ನೀವು ಟೀ ಕುಡಿಯೋದು ಬಿಟ್ಟಿದ್ದೀರಾ? ಅಳತೆ ನೋಡ್ಕೊಂಡು ಹಾಕಿದ್ರೆ ಏನೂ ಆಗಲ್ಲ. ಸೈನ್ಸ್ ರೀ ಅದು" ಎನ್ನುತ್ತಿದ್ದರು. ನಾನು ಧ್ವನಿ ತಗ್ಗಿಸಿ, "ಎರೆಹುಳು ಏನು ಪಾಪ ಮಾಡಿತ್ತು ಸಾರ್?" ಎನ್ನುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ಅವತ್ತಿನಿಂದ ಎರೆಹುಳುವನ್ನು ನಾನು ಬಿಡಲೇ ಇಲ್ಲ.

ಆಮೇಲೆ ಕಮಲಳ ಮಂಡಿ ಕೈಕೊಟ್ಟಿತು. ಡಾಕ್ಟರು ನೆಲದ ಮೇಲೆ ಕೂರಲೇಬಾರದು ಎಂದರು. ಸುಬ್ರಹ್ಮಣ್ಯಪುರದ ತಮ್ಮನ ಮನೆಗೆ ಹದಿನೈದು ದಿನ ವಿಶ್ರಾಂತಿಗೆಂದು ಹೊರಟವಳು, "ಕಳೆ ಕಿತ್ತಿಡಿ, ಮಳೆಗೆ ವಿಪರೀತ ಬೆಳೆದಿದೆ" ಎಂದಳು. ಕಿತ್ತೆ. ಒಂದು ಬೆಳಿಗ್ಗೆ ಕಿತ್ತೆ. ಸೊಂಟ ಹಿಡಿದುಕೊಂಡು, ಪಾರಿಜಾತದ ಕೊಂಬೆ ಹಿಡಿದು ಎದ್ದು ನಿಲ್ಲುವ ಹೊತ್ತಿಗೆ ಎರೆಹುಳುವಿನ ಮೇಲಿದ್ದ ಪ್ರೀತಿ ಬಹಳ ಕಡಿಮೆಯಾಗಿತ್ತು. ಸಂಜೆ ಕನಕಪುರ ರಸ್ತೆಯ ಗೊಬ್ಬರದ ಅಂಗಡಿಗೆ ಹೋಗಿ ಕಳೆ ಔಷಧಿ ಕೇಳಿದೆ. "ಎಷ್ಟು ಎಕರೆಗೆ ಸಾರ್?" ಎಂದು ಅಂಗಡಿಯವನು ಕೇಳಿದ. ಹತ್ತಡಿ ಅಗಲದ ಜಾಗ ಎನ್ನಲು ನಾಚಿಕೆಯಾಗಿ, "ಊರ ಕಡೆ ಸ್ವಲ್ಪ ಜಮೀನಿದೆ" ಎಂದೆ. ಸ್ವಲ್ಪ ಜಮೀನಿಗೆ ಬೇಕಾಗುವಷ್ಟು ಕೊಟ್ಟ. ಕತ್ತಲಾಗುವುದನ್ನೇ ಕಾದು, ಬೀದಿ ದೀಪದ ಬೆಳಕಿನಲ್ಲಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಲ್ಲಿ ತುಂಬಿ ಇಡೀ ಅಂಗಳಕ್ಕೆ ಹೊಡೆದೆ. ಅಳತೆ ನೋಡಲಿಲ್ಲ. ಅಳತೆ ನೋಡುವುದು ಮೂರ್ತಿಯವರ ಪಕ್ಷ.

ಮಾರನೆಯ ದಿನ ಸಂಕಷ್ಟಿ ಎಂಬುದು ನನಗೆ ಮರೆತೇಹೋಗಿತ್ತು. ಸಂಕಷ್ಟಿಯ ಬೆಳಿಗ್ಗೆ ಮೂರ್ತಿಯವರ ಹೆಂಡತಿ ಶಾರದಮ್ಮ ಸ್ನಾನ ಮಾಡಿ, ಮಡಿಯುಟ್ಟು, ನಮ್ಮ ಗೇಟು ತೆಗೆದು ಗರಿಕೆ ಕೊಯ್ಯುವುದು ರೂಢಿ. ಗಣೇಶನಿಗೆ ಏರಿಸಿ ಮಿಕ್ಕಿದ್ದನ್ನು ಅರೆದು, ಸೋಸಿ, ಮಜ್ಜಿಗೆಯಲ್ಲಿ ಬೆರೆಸಿ ಗಂಡನಿಗೆ ಖಾಲಿ ಹೊಟ್ಟೆಯಲ್ಲಿ ಕುಡಿಸುತ್ತಾರೆ. ಎದೆಯುರಿಗೆ ಅದೇ ಮದ್ದಂತೆ. ಸೈನ್ಸಿನ ಮೂರ್ತಿಯವರು ಮರುಮಾತಿಲ್ಲದೆ ಕುಡಿಯುತ್ತಾರೆ. ನಾನು ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಶಾರದಮ್ಮನ ಬುಟ್ಟಿ ಅರ್ಧ ತುಂಬಿತ್ತು. "ಈ ಸಲ ಗರಿಕೆ ಎಷ್ಟು ಫ್ರೆಶ್ಶಾಗಿದೆ ನೋಡಿ, ಇಬ್ಬನಿ ಇನ್ನೂ ಆರಿಲ್ಲ" ಎಂದರು.

ನಿಜ ಹೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಬೆಂಚಿನ ಮೇಲೆ ಮೂರ್ತಿಯವರು ನಗುವ ನಗು ಕಣ್ಣ ಮುಂದೆ ಬಂತು. "ಅದು ಬೇಡ ಶಾರದಮ್ಮನೋರೇ" ಎಂದೆ. "ರಾತ್ರಿ ನಾಯಿ ಬಂದು ಎಲ್ಲಾ ಕಡೆ ಉಚ್ಚೆ ಹೊಯ್ದಿದೆ." ನಾಯಿ ಎಂದಿದ್ದರೆ ಸಾಕಿತ್ತು. ವಿವರ ಸೇರಿಸಿದರೆ ಸುಳ್ಳಿಗೆ ಬಲ ಬರುತ್ತದೆಂದು, "ಅದೇ, ಆ ಕರಿಯ" ಎಂದೂ ಸೇರಿಸಿದೆ. ಶಾರದಮ್ಮ ಬುಟ್ಟಿಯನ್ನು ಅಲ್ಲೇ ಕವುಚಿದರು. "ಅಯ್ಯೋ ರಾಮ, ಮಡೀಲಿ ಬಂದಿದ್ದೀನಲ್ರೀ" ಎನ್ನುತ್ತ ಮತ್ತೆ ಸ್ನಾನಕ್ಕೆ ಓಡಿದರು. ಮೂರ್ತಿಯವರ ಹೊಟ್ಟೆ ಉಳಿಯಿತು, ನನ್ನ ಮಾನವೂ ಉಳಿಯಿತು ಎಂದು ತಣ್ಣಗಾದ ಕಾಫಿಯನ್ನು ಕುಡಿದೆ.

ಕರಿಯ ಬೀದಿ ನಾಯಿ. ಅದಕ್ಕೆ ದಿನಾ ಮೊಸರನ್ನ ಹಾಕುತ್ತಿದ್ದವಳು ಸವಿತಾ, ಬಾಗಲಕೋಟೆ ಕಡೆಯ ಹುಡುಗಿ. ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸ, ಬಾಡಿಗೆಗಿದ್ದದ್ದು ಮೂರ್ತಿಯವರ ಮನೆಯ ಮಹಡಿಯ ಕೋಣೆಯಲ್ಲೇ. ನಾಯಿಗೆ ಇನ್ನು ಅನ್ನ ಹಾಕಕೂಡದೆಂದು ಶಾರದಮ್ಮ ಅವತ್ತೇ ಅವಳಿಗೆ ಎಚ್ಚರಿಕೆ ಕೊಟ್ಟರು. ವಾರದೊಳಗೆ ನಮ್ಮ ಅಂಗಳ ಹಳದಿಯಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಇಡೀ ರಸ್ತೆ ಬಂದು ಕಾಂಪೌಂಡಿನಾಚೆಯಿಂದ ನೋಡಿತು. "ನಾಯಿ ಉಚ್ಚೇಲಿ ಯೂರಿಯಾ ಇರುತ್ತೆ, ಸುಟ್ಟೇ ಸುಡುತ್ತೆ" ಎಂದು ಮೂರ್ತಿಯವರು ಸೈನ್ಸನ್ನೂ ಒದಗಿಸಿದರು. ಸವಿತಾ ನನ್ನ ಗೇಟಿನ ಹತ್ತಿರ ಬಂದು ನಿಂತಳು. "ಕಾಕಾರ, ನಾಯಿ ಹೊಯ್ದ್ರ ಅಂಗೈ ಅಗಲ ಸುಡತೈತ್ರಿ. ಇಷ್ಟೂ ಅಂಗಳಾ ಸುಡಬೇಕಂದ್ರ ಅದು ಆನಿ ಇರಬೇಕಲ್ರಿ? ನೀವು ಖರೇನ ನೋಡೀರೇನ್ರಿ?" ನಾನು ಕನ್ನಡಕ ತೆಗೆದು ಒರೆಸಿಕೊಂಡೆ. "ಕತ್ತಲಿತ್ತಮ್ಮ" ಎಂದೆ. ಅದೊಂದು ಮಾತ್ರ ನಿಜ. ಅಷ್ಟು ಹೊತ್ತಿಗೆ ಮೂರ್ತಿಯವರು ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕೆಂದು ಅವಳಿಗೆ ಹೇಳಿಯಾಗಿತ್ತು.

ಕಮಲ ವಾಪಸ್ಸು ಬಂದವಳು ಗೇಟಿನಲ್ಲೇ ಶಾರದಮ್ಮನಿಂದ ಎಲ್ಲ ಕೇಳಿ, ಅಂಗಳ ನೋಡಿದಳು. ನೇರ ಬಚ್ಚಲಿಗೆ ಹೋಗಿ, ಒಲೆಯ ಹಿಂದೆ ನಾನು ಬಚ್ಚಿಟ್ಟಿದ್ದ ಔಷಧಿ ಡಬ್ಬಿಯನ್ನು ತಂದು ನನ್ನ ಮುಂದೆ ಇಟ್ಟಳು. "ಮಂಡಿ ಹೋಗಿರೋದು ನಂದು, ಮೂಗಲ್ಲ" ಎಂದಳು. "ಹೋಗಿ ಹೇಳಿ ಬನ್ನಿ. ಆ ಹುಡುಗಿಗೆ ಈ ರೇಟಲ್ಲಿ ಎಲ್ಲಿ ರೂಮು ಸಿಗುತ್ತೆ?"

ಹೋದೆ. ಮೂರ್ತಿಯವರ ನಡುಮನೆಯಲ್ಲಿ ಕುಳಿತು ಹೇಳಿಯೇಬಿಟ್ಟೆ. "ನಾಯಿ ಅಲ್ಲ ಸಾರ್. ನಾನೇ ಕಳೆ ಔಷಧಿ ಹೊಡೆದದ್ದು." ಮೂರ್ತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವಾ? ಎರೆಹುಳೂಗೆ ಅಳೋರು? ಬೇರೆ ಯಾರಿಗಾದ್ರೂ ಹೇಳಿ." ನಾನು ಆಣೆ ಮಾಡಿದೆ. ಶಾರದಮ್ಮನ ಕಣ್ಣು ತುಂಬಿತು. "ನೋಡಿದ್ರಾ, ಆ ಹುಡುಗಿ ಬೀದಿಗೆ ಬೀಳ್ತಾಳಲ್ಲಾ ಅಂತ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದಾರೆ. ಎಂಥ ಮನಸ್ಸು ಇವರದ್ದು. ಇರಿ, ಕಾಫಿ ತರ್ತೀನಿ." ಎದ್ದು ರಸ್ತೆ ದಾಟಿ, ಡಬ್ಬಿಯನ್ನು ತಂದು ಅವರ ಟೀಪಾಯಿಯ ಮೇಲೆ ಇಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಎದ್ದೂ ಎದ್ದೆ. ಅಷ್ಟರಲ್ಲಿ ಕಾಫಿ ಬಂತು. ಅಂಥ ಮೆಚ್ಚುಗೆಯ ಮಾತು ಕೇಳಿ ನನಗೆ ಬಹಳ ವರ್ಷವಾಗಿತ್ತು. ಕುಳಿತೆ. ಕಮಲಳಿಗೆ, "ಹೇಳಿದೆ, ಅವರು ನಂಬಲಿಲ್ಲ" ಎಂದೆ. ಅವಳು ಒಂದೇ ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು.

ಸವಿತಾ ಒಂದು ಭಾನುವಾರ ಆಟೋದಲ್ಲಿ ಹಾಸಿಗೆ, ಬಕೆಟ್ಟು ಹೇರಿಕೊಂಡು ಹೊರಟಳು. ಕರಿಯ ಮೇನ್ ರೋಡಿನ ತನಕ ಆಟೋ ಹಿಂದೆ ಓಡಿ, ಬಾಯಿ ತೆರೆದುಕೊಂಡು ವಾಪಸ್ಸು ಬಂತು. ನಾನು ಕಿಟಕಿಯ ಪರದೆ ಸರಿಸಿ ನೋಡಿದೆ, ಮತ್ತೆ ಎಳೆದೆ. ಪಾರ್ಕಿನಲ್ಲಿ ಈಗ ನನಗೆ ಬೆಂಚಿನ ಮಧ್ಯದಲ್ಲೇ ಜಾಗ ಬಿಡುತ್ತಾರೆ. ಹೊಸಬರು ಬಂದರೆ ಮೂರ್ತಿಯವರು, "ಇವರು ದೊಡ್ಡ ಮನಸ್ಸಿನವರು" ಎಂದೇ ಪರಿಚಯಿಸುತ್ತಾರೆ. "ಹಾಗೆಲ್ಲ ಅನ್ಬೇಡಿ ಸಾರ್, ನಾನು ಅಂಥವನಲ್ಲ" ಎಂದು ಪ್ರತಿ ಸಲವೂ ನಿಜವನ್ನೇ ಹೇಳುತ್ತೇನೆ. ಅದನ್ನೂ ವಿನಯವೆಂದು ನನ್ನ ಲೆಕ್ಕಕ್ಕೇ ಸೇರಿಸುತ್ತಾರೆ.