ಹುಕ್ಕೇರಿಗೆ ಹಚ್ಚಿದ ಫೋನು

ಭಾನುವಾರ ಮುಂಜಾನೆ ಏಳರ ಬಸ್ಸಿಗೆ ಮೂಡಲಗಿಯಿಂದ ಹುಕ್ಕೇರಿಯ ತವರಿಗೆ ಹೊರಟ ಗೌರಕ್ಕ ಕುಪ್ಪಸದ ಕಣ, ಹೂವು, ಹಣ್ಣು ಎಲ್ಲ ನೆನಪಿಟ್ಟು ಚೀಲಕ್ಕೆ ಹಾಕಿಕೊಂಡಳು. ಚಾರ್ಜಿಗೆ ಹಾಕಿದ್ದ ಮೊಬೈಲನ್ನು ಮಾತ್ರ ಮರೆತಳು.

ಒಂಬತ್ತಕ್ಕೆ ಮಗ ಸ್ವಪ್ನಿಲ್ ಎದ್ದು ಬಂದ. "ಅವ್ವ ಎಲ್ಲಿ?"

"ನಿನಗ ಕನ್ಯಾ ನೋಡಾಕ ಹೋಗ್ಯಾಳ," ಎಂದ ಭೀಮಶಿ, ಚಹಾ ಆರಿಸಿಕೊಳ್ಳುತ್ತ. "ಗುಡ್ಡವ್ವ ಅಂತ. ಹುಕ್ಕೇರಿ ಬಾಜೂ ಹಳ್ಳಿಯವರು. ನಿಮ್ಮ ಮಾಮಾನ ಮನಿಗೇ ಹುಡುಗೀನ್ನ ಕರಕೊಂಡ ಬರ್ತಾರಂತ. ಮನಸ್ಸಿಗೆ ಬಂದ್ರ ಇವತ್ತ ಮಾತು ಕೊಡ್ತಾಳ."

ಸ್ವಪ್ನಿಲ್ ಕಟ್ಟೆಯ ಮೇಲೆ ಕುಸಿದ. "ಅಪ್ಪಾ, ನಾ ಬ್ಯಾರೆ ಹುಡುಗಿಗೆ ಮಾತು ಕೊಟ್ಟೇನಿ. ಗೋಕಾಕದಾಗ ನಮ್ಮ ಬ್ಯಾಂಕಿನ್ಯಾಗ ಅದಾಳ. ಸುಮನ್ ಅಂತ. ಎರಡು ವರ್ಷ ಆತು."

"ಇದನ್ನ ಇವತ್ತ ಹೇಳ್ತೀಯಾ?"

"ನೀವೂ ಇವತ್ತ ಹೇಳಾಕತ್ತೀರಿ!"

ಗೌರಕ್ಕ ಒಮ್ಮೆ ಮಾತು ಕೊಟ್ಟರೆ ಮುಗಿಯಿತು, ಅದನ್ನು ಹಿಂದಕ್ಕೆ ತರಲು ಜೆಸಿಬಿ ಬಂದರೂ ಆಗದು. ಭೀಮಶಿ ಗಡಬಡಿಸಿ ಹೆಂಡತಿಗೆ ಫೋನ್ ಹಚ್ಚಿದ. ಅಡುಗೆಮನೆಯ ಮೂಲೆಯಿಂದ ಭಜನೆ ಪದ ಕೇಳಿಬಂತು. ಸ್ವಪ್ನಿಲ್ ಮಾಮಾನಿಗೆ ಹಚ್ಚಿದ. ರಿಂಗಾಯಿತು, ಆಗುತ್ತಲೇ ಇತ್ತು. ಬೀಗರ ಎದುರು ಮಾಮಾ ಫೋನಿನ ಸದ್ದು ಅಡಗಿಸಿ ಕುಳಿತಿರಬೇಕು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಪದ್ಮವ್ವನ ತಲೆ ಮೂಡಿತು. ಅವಳ ಹಿಂದೆಯೇ ಎದುರು ಮನೆಯ ಮುತ್ತಪ್ಪ ಹಲ್ಲುಜ್ಜುತ್ತಲೇ ಬಂದ.

"ಹುಕ್ಕೇರಿ ಬಸ್ಸಿನ ಕಂಡಕ್ಟರ್ ಕೈಯಾಗ ಒಂದ ಚೀಟಿ ಕೊಟ್ಟ ಕಳಸ್ರಿ," ಎಂದಳು ಪದ್ಮವ್ವ.

"ಚೀಟಿ ಮುಟ್ಟೂದ್ರಾಗ ಲಗ್ನಾನ ಆಗಿರತೈತಿ," ಎಂದ ಮುತ್ತಪ್ಪ. "ನಾ ಸ್ಟೇಟಸ್ ಇಡ್ತೇನಿ, ಸ್ವಪ್ನಿಲ್‌ಗ ಬ್ಯಾರೆ ಹುಡುಗಿ ಅದಾಳಂತ. ಯಾರರ ನೋಡ್ತಾರ." ಸ್ವಪ್ನಿಲ್ ಅವನ ಕೈಯಿಂದ ಮೊಬೈಲು ಕಸಿದುಕೊಳ್ಳುವಷ್ಟರಲ್ಲಿ ಹದಿನಾಲ್ಕು ಮಂದಿ ನೋಡಿಯಾಗಿತ್ತು, ಅವರಲ್ಲಿ ಹುಕ್ಕೇರಿಯವರು ಮಾತ್ರ ಒಬ್ಬರೂ ಇರಲಿಲ್ಲ.

ಆಗ ಭೀಮಶಿಗೆ ತಾನು ಯಾರೆಂಬುದು ನೆನಪಾಯಿತು. ಇಪ್ಪತ್ತು ವರ್ಷಗಳ ಹಿಂದೆ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟವನು ಅವನು. ಹಳದಿ ಬೋರ್ಡು, ಗಾಜಿನ ಕ್ಯಾಬಿನ್ನು, ಕೆಂಪು ಅಂಕಿ ಓಡುವ ಮೀಟರು. ಊರಿನ ಹೆರಿಗೆ, ಸಾವು, ಎಮ್ಮೆಯ ವ್ಯಾಪಾರ ಎಲ್ಲವೂ ಅವನ ಕಿವಿ ದಾಟಿಯೇ ಹೋಗಬೇಕಿತ್ತು. "ಮಗಳ ಮನಿಗೆ ಹಚ್ಚಪಾ" ಎಂದರೆ ಸಾಕು, ನಂಬರು ಕೇಳದೆ ಬೆರಳು ಓಡುತ್ತಿತ್ತು. ಮೊಬೈಲು ಬಂದ ಮೇಲೆ ಆ ಕ್ಯಾಬಿನ್ನಿನಲ್ಲಿ ಪದ್ಮವ್ವನ ಕೋಳಿಗಳು ಮಲಗುತ್ತಿದ್ದವು.

"ಅತ್ತಿ ಮನ್ಯಾಗ ಲ್ಯಾಂಡ್‌ಲೈನ್ ಇನ್ನೂ ಐತಿ!" ಎಂದು ಕೂಗಿದ.

"ಯಾರ ಎತ್ತತಾರ ಅದನ್ನ?" ಎಂದ ಮುತ್ತಪ್ಪ.

ಭೀಮಶಿ ಕಣ್ಣು ಮುಚ್ಚಿದ. ಬೆರಳು ತಾನಾಗಿ ಎಸ್‌ಟಿಡಿ ಕೋಡು ಒತ್ತಿತು, ಆರು ಅಂಕಿ ಒತ್ತಿತು. ಟ್ರಿಣ್, ಟ್ರಿಣ್. ಓಣಿಯೆಲ್ಲ ಉಸಿರು ಬಿಗಿಹಿಡಿಯಿತು.

"ಹಲೋ! ಯಾರ?"

ಅತ್ತೆ ಮುದಕವ್ವ. ಎಂಬತ್ತು ದಾಟಿದ ಆಕೆಯ ಕಿವಿ ಮಂದ. ಕೇಳಿದ್ದನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳಿ ಖಾತ್ರಿ ಮಾಡಿಕೊಳ್ಳುವ ರೂಢಿ.

"ಅತ್ತೀ, ನಾ ಭೀಮಶಿ! ಗೌರೀನ್ನ ಕರೀರಿ!"

"ಗೌರಿ ಹಿತ್ತಲದಾಗ ಅದಾಳ. ಬೀಗರು ಇಲ್ಲೇ ಕುಂತಾರ. ಏನ ಹೇಳಬೇಕ ಹೇಳ್ರಿ."

"ಮಾತು ಕೊಡಬ್ಯಾಡ ಅನ್ರಿ!"

"ಮಾತು ಕೊಡಬ್ಯಾಡಾ?"

"ಹುಡುಗನ ಮನಸ್ಸಿನ್ಯಾಗ ಬ್ಯಾರೆ ಹುಡುಗಿ ಅದಾಳ!"

"ಹುಡುಗನ ಮನಸ್ಸಿನ್ಯಾಗ ಬ್ಯಾರೆ ಹುಡುಗಿ ಅದಾಳಾ?"

"ಸುಮನ್! ಸುಮನ್ ಅಂತ!"

"ಸುಮ್ನ? ನಾ ಸುಮ್ನ ಕುಂತಿದ್ನೆಲ್ಲ ಅಳ್ಯಾರ, ನೀವ ಫೋನ್ ಹಚ್ಚಿದ್ರಿ," ಎಂದು ಮುದಕವ್ವ ರಿಸೀವರ್ ಇಟ್ಟಳು.

ಹೆಸರು ಮುಟ್ಟದಿದ್ದರೇನು, ವಿಷಯ ಮುಟ್ಟಿತಲ್ಲ! ಸ್ವಪ್ನಿಲ್ ಅಪ್ಪನ ಕಾಲು ಮುಟ್ಟಿದ. ಭೀಮಶಿ ಎಲ್ಲರಿಗೂ ಚಹಾ ಕುಡಿಸಿ, ಹಳೆಯ ಫೋನಿನ ಗಟ್ಟಿತನದ ಬಗ್ಗೆ ಮಧ್ಯಾಹ್ನದವರೆಗೆ ಹೇಳಿದ. ಮುತ್ತಪ್ಪನೂ ತಲೆಯಾಡಿಸಿದ.

ಸಂಜೆ ಐದಕ್ಕೆ ಗೌರಕ್ಕ ಬಂದಳು. ಚೀಲವನ್ನು ಮೂಲೆಗೆ ಒಗೆದಳು.

"ಮಂದಿ ಮುಂದ ಮಾನ ಹೋತು! ನಾ ಹಿತ್ತಲದಿಂದ ಬರೂದ್ರಾಗ ಅವ್ವ ಎಲ್ಲಾ ಒದರಿ ಮುಗಿಸಿದ್ಲು. ಬೀಗರು ಎದ್ದ ಹೋದ್ರು. ಎಂಥಾ ಹುಡುಗಿರಿ ಅದು! ಇವನ ಫೋಟೋ ನೋಡಿ ಒಂದ ಸಲಕ್ಕ ಹೂಂ ಅಂದಿತ್ತು. ಅವ್ವನ ಮಾತು ಕೇಳಿದ್ದ ಕೂಡಲೇ ಅಳಕೋತ ಹೊರಗ ಓಡಿ ಹೋತು."

"ಹೋಗ್ಲಿ ಬಿಡು," ಎಂದ ಭೀಮಶಿ. "ನಮ್ಮ ಹುಡುಗಂದ ಬ್ಯಾರೆ ಐತಿ."

ಅಷ್ಟರಲ್ಲಿ ಸ್ವಪ್ನಿಲ್‌ನ ಮೊಬೈಲು ಟಿಂಗ್ ಎಂದಿತು. ಸುಮನ್‌ಳ ಮೆಸೇಜು. ನಗುತ್ತ ತೆರೆದವನ ಮುಖ ಸುಣ್ಣದ ಗೋಡೆಯಂತಾಯಿತು. ಭೀಮಶಿ ಮೊಬೈಲು ಇಸಿದುಕೊಂಡು ಓದಿದ.

"ನಿನ್ನ ಫೋಟೋ ನೋಡಿ ಎಷ್ಟ ಖುಷಿಪಟ್ಟಿದ್ದೆ. ನಿನಗ ಸಂಜಿಕ್ಕ ಹೇಳಿ ಬೆರಗ ಮಾಡಬೇಕಂತಿದ್ದೆ. ಮನಸ್ಸಿನ್ಯಾಗಿರೂ ಆ ಬ್ಯಾರೆ ಹುಡುಗಿ ಜೋಡಿ ಸುಖವಾಗಿರು. ಇನ್ನ ಫೋನ್ ಮಾಡಬ್ಯಾಡ. ನೀ ಬ್ಯಾಡಂದ ಗುಡ್ಡವ್ವ."

"ಗುಡ್ಡವ್ವ?" ಎಂದ ಭೀಮಶಿ.

"ಅಜ್ಜಿ ಹೆಸರು ಇಟ್ಟಾರ್ರಿ, ಮನ್ಯಾಗ ಹಂಗ ಕರೀತಾರ," ಎಂದಳು ಗೌರಕ್ಕ. "ಸಾಲ್ಯಾಗ ಸುಮನ್. ಗೋಕಾಕದಾಗ ಬ್ಯಾಂಕಿನ್ಯಾಗ ಅದಾಳಂತ. ಯಾಕ?"

"ಅವ್ವಾ, ನನ್ನ ಸುಮನ್ ಆಕೀನ!" ಎನ್ನುತ್ತ ಸ್ವಪ್ನಿಲ್ ಮೂರು ಸಲ ಹಚ್ಚಿದ. ಕರೆ ಹೋಗಲೇ ಇಲ್ಲ. ಆಮೇಲೆ ತಾಯಿಯೂ ಮಗನೂ ತಿರುಗಿ ಭೀಮಶಿಯನ್ನೇ ನೋಡತೊಡಗಿದರು.

ಭೀಮಶಿ ಎದ್ದು ಗೂಟದ ಮೇಲಿನ ಅಂಗಿ ತೆಗೆದುಕೊಂಡ.

"ಹುಕ್ಕೇರಿಗೆ ಕಡೀ ಬಸ್ ಎಷ್ಟಕ್ಕೈತಿ?"