ದೊಡ್ಡಮ್ಮನ ಹೆರಿಗೆ

ಬೆಳಿಗ್ಗೆ ತೊಟ್ಟಿಯಲ್ಲಿ ಒಂದೇ ಇರಬೇಕಾಗಿದ್ದ ಶಾರ್ಕ್ ಮೂರಾಗಿತ್ತು.

ಮತ್ಸ್ಯಾಲಯದಲ್ಲಿ ಮೀನುಗಳಿಗೆ ಮೇವು ಹಾಕುವವನನ್ನು ಎಲ್ಲರೂ ಮೀನಪ್ಪ ಎಂದೇ ಕರೆಯುತ್ತಿದ್ದರು. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಒಂಟಿ ಹೆಣ್ಣು ಶಾರ್ಕ್, ಸಿಬ್ಬಂದಿಯ ಬಾಯಲ್ಲಿ ದೊಡ್ಡಮ್ಮ, ಏನೂ ಆಗದವಳಂತೆ ಸುತ್ತು ಹೊಡೆಯುತ್ತಿದ್ದಳು. ಮೂಲೆಯಲ್ಲಿ ಗೇಣುದ್ದದ ಎರಡು ಮರಿಗಳು ಆಗಲೇ ಈಜುತ್ತಿದ್ದವು.

“ಅಯ್ಯೋ, ಹೆತ್ತುಬಿಟ್ಟಿದ್ದಾಳೆ!”

ಆ ಕೂಗು ಟಿಕೆಟ್ ಕೌಂಟರಿನ ಅಕ್ಕನಿಗೆ ಕೇಳಿಸಿತು. ಅವಳಿಗೆ ಕೇಳಿಸಿತೆಂದರೆ ಊರಿಗೆಲ್ಲ ಕೇಳಿಸಿದಂತೆ.

“ಗಂಡೇ ಇಲ್ವಲ್ಲೋ ಆ ತೊಟ್ಟೀಲಿ!” ಅಕ್ಕ ಕೆನ್ನೆಗೆ ಕೈ ಹಚ್ಚಿಕೊಂಡಳು. “ಮರಿಯಾಗಿದ್ದಾಗ ಬಂದೋಳು, ಗಂಡಿನ ಮುಖಾನೇ ನೋಡಿಲ್ಲ. ತೊಟ್ಟಿ ಬೀಗದ ಕೈ ಯಾರ ಹತ್ರ ಇರೋದು?”

ಬೀಗದ ಕೈ ಮೀನಪ್ಪನ ಸೊಂಟದಲ್ಲಿ ನೇತಾಡುತ್ತಿತ್ತು.

ಉತ್ತರ ಹೇಳಲು ಪುರುಸೊತ್ತಿರಲಿಲ್ಲ. ಶಾರ್ಕ್ ತಾಯಿಗೆ ಬಾಣಂತನದ ಮಮಕಾರವಿಲ್ಲ. ಹಸಿವಾದರೆ ಹೆತ್ತದ್ದನ್ನೇ ನುಂಗಿಬಿಟ್ಟಾಳು. ಮೀನಪ್ಪ ಬಲೆ ಹಿಡಿದು ಏಣಿ ಹತ್ತಿದ, ಜಾರಿದ, ಎದೆಮಟ್ಟದ ನೀರಿಗೆ ಬಿದ್ದ. ದೊಡ್ಡಮ್ಮ ಅವನ ತೊಡೆ ಸವರಿಕೊಂಡು ಹೋದಳು. ಅವಳ ಮೈತುಂಬ ಹಲ್ಲಿನಂಥ ಸಣ್ಣ ಸಣ್ಣ ಹುರುಪೆ. ಮರಳು ಕಾಗದದಿಂದ ಉಜ್ಜಿದಂತಾಗಿ ಪ್ಯಾಂಟು ಪರ್ರೆಂದಿತು. ಕೊನೆಗೂ ಮರಿಗಳನ್ನು ಬಕೆಟ್ಟಿಗೆ ಹಾಕಿಕೊಂಡು, ಹೆರಿಗೆ ಮುಗಿಸಿ ಹೊರಬಂದ ಸೂಲಗಿತ್ತಿಯಂತೆ ನಿಂತಾಗ ಎದುರಿಗೆ ಮ್ಯಾನೇಜರ್.

“ಇವುಗಳ ಅಪ್ಪ ಯಾರು?”

“ನಾನಲ್ಲ ಸಾರ್!”

“ಗೊತ್ತು ಕಣಯ್ಯ! ಗಂಡು ಶಾರ್ಕ್ ನಲ್ಲೀಲಿ ಬಂತಾ? ಬೀಗ ತೆಗೆದೋನು ನೀನೇ. ಮಧ್ಯಾಹ್ನದೊಳಗೆ ನಿಜ ಹೇಳು, ಇಲ್ಲ ನಾಳೆಯಿಂದ ಬರಬೇಡ.”

ನಿಜ ಹೇಳಲು ಮೀನಪ್ಪನ ಬಳಿ ನಿಜವೇ ಇರಲಿಲ್ಲ.

“ತಪ್ಪಾಯ್ತು ಅಂತ ಒಪ್ಕೊಂಡ್ಬಿಡೋ,” ಅಕ್ಕ ಕಿವಿಯಲ್ಲಿ ಉಸುರಿದಳು. “ಸಾಹೇಬ್ರು ಒಪ್ಕೊಂಡೋರನ್ನ ಬಿಟ್ಟುಬಿಡ್ತಾರೆ.”

“ಮಾಡದೇ ಇರೋ ತಪ್ಪನ್ನಾ?”

“ಮಾಡಿದ್ರೇನು, ಬಿಟ್ರೇನು. ಕೆಲಸ ಬೇಕೋ ಬೇಡ್ವೋ?”

ಕೆಲಸ ಬೇಕಾಗಿತ್ತು. ಮೀನಪ್ಪ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಂತ. “ಹಿಂದಿನ ಕೋಣೇಲಿ ಕಾಯಿಲೆ ಶಾರ್ಕ್ ಒಂದಿತ್ತಲ್ಲ ಸಾರ್, ಆಮೇಲೆ ಬೇರೆ ಊರಿಗೆ ಕಳಿಸಿದ್ವಲ್ಲ? ಆ ತೊಟ್ಟಿ ಸೋರ್ತಿತ್ತು. ಒಂದೇ ಒಂದು ದಿನ ಅವನನ್ನ ದೊಡ್ಡಮ್ಮನ ಜೊತೆ ಬಿಟ್ಟಿದ್ದೆ.” ಹೇಳುತ್ತ ಹೇಳುತ್ತ ಅವನಿಗೇ ಅಳು ಬಂತು.

ಮ್ಯಾನೇಜರ್ ಕರಗಿದರು. “ನಿಜ ಹೇಳಿದ್ಯಲ್ಲ, ಹೋಗಲಿ. ಒಂದು ವಾರ ಫಿಲ್ಟರ್ ತೊಳಿ, ಸಾಕು.”

ಅಷ್ಟರಲ್ಲಿ ಮೀನುಗಳ ಡಾಕ್ಟರಮ್ಮ ಬಂದರು. ಒಂದು ಮರಿಯನ್ನು ನೀರಿನಲ್ಲೇ ಅಂಗಾತ ಹಿಡಿದರು. ಅದು ಅಲುಗಾಡದೆ ಸ್ತಬ್ಧವಾಯಿತು.

“ಸತ್ತೋಯ್ತಾ ಮೇಡಂ?” ಮೀನಪ್ಪ ಕಿರುಚಿದ.

“ಇಲ್ಲಪ್ಪ, ಅಂಗಾತ ಮಾಡಿದ್ರೆ ಹೀಗೇ ಮಂಕಾಗ್ತವೆ. ಎರಡೂ ಹೆಣ್ಣು. ಗಂಡಾಗಿದ್ರೆ ಹೊಟ್ಟೆ ಕೆಳಗಿನ ರೆಕ್ಕೆ ಹತ್ರ ಎರಡು ಕಡ್ಡಿ ಥರ ಇರ್ತಿತ್ತು.”

“ಅಪ್ಪ ಹಿಂದಿನ ಕೋಣೆಯೋನು,” ಮ್ಯಾನೇಜರ್ ಗತ್ತಿನಿಂದ ಹೇಳಿದರು. “ಇವನೇ ಒಪ್ಕೊಂಡಿದ್ದಾನೆ.”

ಡಾಕ್ಟರಮ್ಮ ನಕ್ಕರು. “ಅದಕ್ಕೆ ಔಷಧಿ ಕೊಟ್ಟೋಳು ನಾನು. ಅದೂ ಹೆಣ್ಣೇ! ಗಂಡೇ ಸಿಗದಿದ್ದಾಗ ಕೆಲವು ಶಾರ್ಕ್‌ಗಳು ಒಂಟಿಯಾಗೇ ಮರಿ ಹಾಕ್ತವೆ. ಅಪರೂಪ, ಆದ್ರೆ ಉಂಟು. ಮರಿಯ ರೆಕ್ಕೆ ಚೂರನ್ನ ಡಿಎನ್‌ಎ ಪರೀಕ್ಷೆಗೆ ಕಳಿಸ್ತೀನಿ, ಆದ್ರೂ ಬರೆದಿಟ್ಕೊಳ್ಳಿ, ಈ ಮರಿಗಳಿಗೆ ಅಪ್ಪನೇ ಇಲ್ಲ.”

ಮೀನಪ್ಪನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. “ನೋಡಿದ್ರಾ ಸಾರ್, ನಾನು ಏನೂ ಮಾಡಿಲ್ಲ!”

“ಮತ್ತೆ ಒಪ್ಕೊಂಡಿದ್ದು?”

“ಹೆದರಿ ಹೇಳಿದ ಸುಳ್ಳು ಸಾರ್.”

ಮ್ಯಾನೇಜರ್ ಬೆರಳು ಮಡಚಿ ಲೆಕ್ಕ ಹಾಕಿದರು. “ಸರಿ. ಗಂಡು ಬಿಟ್ಟಿದ್ದಕ್ಕೆ ಕೊಟ್ಟ ಒಂದು ವಾರ ರದ್ದು. ಇಲ್ಲದ ಗಂಡನ್ನ ಹುಟ್ಟಿಸಿದ್ದಕ್ಕೆ ಎರಡು ವಾರ.”

“ಆಗಲಿ ಸಾರ್!” ಎಂದ ಮೀನಪ್ಪ. ಕೆಲಸ ಉಳಿದ ಖುಷಿ ಅವನ ದನಿಯಲ್ಲಿ ಎಷ್ಟು ಉಕ್ಕುತ್ತಿತ್ತೆಂದರೆ, ಇವನು ಇನ್ನೇನೋ ಮುಚ್ಚಿಡುತ್ತಿದ್ದಾನೆಂದು ಅನುಮಾನ ಬಂದು ಮ್ಯಾನೇಜರ್ ಅದನ್ನು ಮೂರು ವಾರ ಮಾಡಿದರು.