ಜಾನಬಿ ಆಪಾನ ಗಿಡಕ್ಕೆ ನಾನು ಮಾಡಿದ ಕ್ಷೌರ

ನನ್ನ ಹೆಂಡತಿ ನರ್ಮದಾ ನನ್ನ ಕೈಗೆ ಕತ್ತರಿ ಕೊಡುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಮೀಸೆ ಕತ್ತರಿಸಿಕೊಳ್ಳಬೇಕೆಂದರೂ ಅರ್ಜಿ ಹಾಕಬೇಕು. ಶಹಾಬಾದಿನ ಹೈಸ್ಕೂಲಿನಲ್ಲಿ ಮಕ್ಕಳೆಲ್ಲ ಹೆದರುವ ಕನ್ನಡದ ಪ್ರಹ್ಲಾದ ಮಾಸ್ತರನ ಮನೆಯ ಸ್ಥಿತಿ ಇದು. ತಪ್ಪು ನನ್ನದೇ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಪಕ್ಕದ ಮನೆಯ ಜಾನಬಿ ಆಪಾ ನಿವೃತ್ತ ನರ್ಸ್. ರೈಲ್ವೆ ಗಾರ್ಡ್ ಆಗಿದ್ದ ಅವರ ಗಂಡ ತೀರಿಕೊಳ್ಳುವ ಹಿಂದಿನ ವರ್ಷ ಊಟಿಯಿಂದ ಒಂದು ಅಝೇಲಿಯಾ ಬೋನ್ಸಾಯ್ ತಂದಿದ್ದರು. ಮೊಳದುದ್ದದ ಗಿಡ, ತಟ್ಟೆಯಂಥ ಕುಂಡ. ಫೆಬ್ರವರಿ ಬಂತೆಂದರೆ ಎಲೆಯೇ ಕಾಣದಷ್ಟು ಗುಲಾಬಿ ಬಣ್ಣದ ಹೂ. ನಮ್ಮೂರ ಬಿಸಿಲಿಗೆ ಕಲ್ಲೇ ಬಿರಿಯುತ್ತದೆ, ನೀರಿನಲ್ಲಿ ಸುಣ್ಣ ಬೇರೆ. ಆಪಾ ಅದನ್ನು ಒದ್ದೆ ಗೋಣಿಚೀಲದ ನೆರಳಲ್ಲಿಟ್ಟು, ಮಳೆನೀರು ಹಿಡಿದಿಟ್ಟು ಹಾಕಿ, ಒಂಬತ್ತು ವರ್ಷ ಬದುಕಿಸಿದ್ದರು. ಹೂ ಬಿಟ್ಟಾಗ ಗಲ್ಲಿಯವರನ್ನೆಲ್ಲ ಕರೆದು ಚಹಾ ಕೊಡುತ್ತಿದ್ದರು.

ತೊಂಬತ್ತೆಂಟರ ದಸರಾ ರಜೆಯಲ್ಲಿ ಆಪಾ ಕಣ್ಣಿನ ಆಪರೇಷನ್ನಿಗೆಂದು ಹೈದರಾಬಾದಿನ ಮಗಳ ಮನೆಗೆ ಹೊರಟರು. ಗಿಡ ನಮ್ಮ ಮನೆಗೆ ಬಂತು.

"ನರ್ಮದಾಬಾಯಿ, ದಿನಾ ಒಂದ್ ಗಿಲಾಸ ಮಳಿನೀರು ಹಾಕ್ರಿ, ಸಾಕು. ಮತ್ತೇನೂ ಮಾಡಬ್ಯಾಡ್ರಿ."

ನನಗೂ ಕೇಳಿಸಿತು. ಆದರೆ ಹೇಳಿದ್ದು ನರ್ಮದಾಗೆ, ನನಗಲ್ಲವಲ್ಲ!

ರಜೆಯಲ್ಲಿ ಖಾಲಿ ಕುಳಿತ ಮಾಸ್ತರ ಅಪಾಯಕಾರಿ ಪ್ರಾಣಿ. ರದ್ದಿ ಕಟ್ಟಿನಲ್ಲಿ ಹಳೆಯ ಪುರವಣಿಯೊಂದು ಸಿಕ್ಕಿತು. 'ಅಝೇಲಿಯಾ ಹೂ ಮುಗಿದ ನಂತರ ಕುಡಿ ಕತ್ತರಿಸಿ ಗಿಡಕ್ಕೆ ಆಕಾರ ಕೊಡಬೇಕು' ಎಂದಿತ್ತು. (ಮುಂದಿನದು ನಾಲ್ಕನೆಯ ಪುಟಕ್ಕೆ. ನಾಲ್ಕನೆಯ ಪುಟ ಕಟ್ಟಿನಲ್ಲಿರಲಿಲ್ಲ.) ಹೂ ಮುಗಿದದ್ದು ಮಾರ್ಚಿನಲ್ಲಿ, ಇದು ಅಕ್ಟೋಬರ್. ಅಕ್ಟೋಬರೂ ಮಾರ್ಚಿನ ನಂತರವೇ ತಾನೆ? ವ್ಯಾಕರಣ ಕಲಿಸುವವನಿಗೆ ಯಾರು ಹೇಳಬೇಕು!

ನರ್ಮದಾ ಬಜಾರಿಗೆ ಹೋದದ್ದೇ ತಡ, ಶಸ್ತ್ರಕ್ರಿಯೆ ಆರಂಭಿಸಿದೆ. ಕುಡಿಗಳ ತುದಿಯಲ್ಲೆಲ್ಲ ಜೋಳದ ಕಾಳಿನಷ್ಟು ಗಂಟುಗಳಿದ್ದವು. ಏನೋ ರೋಗವಿರಬೇಕೆಂದು ಒಂದನ್ನೂ ಬಿಡದೆ ಕತ್ತರಿಸಿದೆ. ಗಿಡ ಛತ್ರಿಯಂತೆ ದುಂಡಗಾಯಿತು.

"ಏನ್ ಮಾಡ್ಲಿಕತ್ತೀರಿ ಅದಕ್ಕ?" ಚೀಲ ಹಿಡಿದ ನರ್ಮದಾ ಬಾಗಿಲಲ್ಲೇ ನಿಂತಳು.

"ಆಕಾರ ಕೊಡ್ಲಿಕತ್ತೀನಿ. ಓದಿ ತಿಳ್ಕೊಂಡೇ ಮಾಡೀನಿ."

"ಏನೂ ಮಾಡಬ್ಯಾಡ್ರಿ ಅಂದಿದ್ರಲ್ರೀ ಆಪಾ!"

"ಆಪಾಗ ಬೋನ್ಸಾಯ್ ಶಾಸ್ತ್ರ ಎಲ್ಲಿ ಗೊತ್ತದ?"

ಒಂಬತ್ತು ವರ್ಷ ಗಿಡ ಸಾಕಿದವರ ಬಗ್ಗೆ ಒಂಬತ್ತು ನಿಮಿಷದ ಪಂಡಿತ ಆಡಿದ ಮಾತು.

ದೀಪಾವಳಿಗೆ ಅಡುಗೆಮನೆ ಕಪಾಟು ಝಾಡಿಸುವಾಗ ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದ ನಾಲ್ಕನೆಯ ಪುಟ ನನ್ನ ಕೈಗೇ ಸಿಕ್ಕಿತು. 'ಇದನ್ನು ಹೂ ಮುಗಿದ ಒಂದು ತಿಂಗಳೊಳಗೇ ಮಾಡಬೇಕು. ತಡವಾದರೆ ಬರುವ ವರ್ಷದ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ.'

ನಾನು ಕತ್ತರಿಸಿದ್ದು ರೋಗವನ್ನಲ್ಲ, ಫೆಬ್ರವರಿಯನ್ನು! ಪುಟ ಮಡಿಸಿ ಜೇಬಿಗಿಟ್ಟೆ. ಯಾರಿಗೂ ಹೇಳಲಿಲ್ಲ.

ಆಪಾ ಬಂದರು. ಕಪ್ಪು ಕನ್ನಡಕ ತೆಗೆದು ಗಿಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಭಾಳ ಜ್ವಾಕಿ ಮಾಡೀರಿ, ಮಾಸ್ತರ್ರೀ" ಎಂದು ಹೈದರಾಬಾದಿನ ಬಿಸ್ಕೀಟು ಕೊಟ್ಟರು. ಗಂಟಲಲ್ಲಿ ಇಳಿಯಲಿಲ್ಲ. ರಮಜಾನಿಗೆ ಖಜೂರ ಕಳಿಸಿದರು. ಅದೂ ಇಳಿಯಲಿಲ್ಲ. (ತಿಂದದ್ದು ನಿಜ.) ಎದುರಿಗೆ ಸಿಗಬಾರದೆಂದು ಹಿತ್ತಿಲ ಬಾಗಿಲಿನಿಂದ ಶಾಲೆಗೆ ಹೋಗತೊಡಗಿದೆ.

ಫೆಬ್ರವರಿ ಬಂತು. ಆಪಾ ಎಂದಿನಂತೆ ಗಲ್ಲಿಯವರನ್ನೆಲ್ಲ ಕರೆದರು. ಅಂಗಳದ ನಡುವೆ ಒಂದೂ ಹೂವಿಲ್ಲದ ಹಸಿರು ಛತ್ರಿ.

"ಈ ಸಲ ಥಂಡಿ ಕಮ್ಮಿ ಆಯ್ತು ನೋಡ್ರಿ, ಹೂವೇ ಬಿಡಲಿಲ್ಲ" ಎಂದರು ಆಪಾ, ಎಲ್ಲರಿಗೂ ಚಹಾ ಕೊಡುತ್ತ.

ನನಗೆ ತಡೆಯಲಾಗಲಿಲ್ಲ. ಕಪ್ಪು ಕೆಳಗಿಟ್ಟು ಎದ್ದು ನಿಂತೆ.

"ಥಂಡಿ ಅಲ್ರೀ ಆಪಾ, ನಾನು! ಮೊಗ್ಗೆಲ್ಲ ನಾನೇ ಕತ್ತರಿಸಿದ್ದು. ನಿಮ್ಮ ಯಜಮಾನ್ರು ತಂದ ಗಿಡ... ಮಾಫ್ ಮಾಡ್ರಿ."

ಯಾರಾದರೂ ಬೆಚ್ಚಿಬೀಳುತ್ತಾರೆಂದುಕೊಂಡಿದ್ದೆ. ಯಾರೂ ಬೀಳಲಿಲ್ಲ.

"ಅಂತೂ ಹೇಳಿದ್ರು ನೋಡ್ರಿ!" ಎಂದು ಎದುರುಮನೆಯ ಅಮೃತಮ್ಮ ನಿಟ್ಟುಸಿರಿಟ್ಟರು.

"ಅವತ್ತು ಸಂಜೀನೇ ಫೋನ್ ಮಾಡಿ ಆಪಾಗ ಹೇಳೀನಿ" ಎಂದಳು ನರ್ಮದಾ. "ಆ ನಾಲ್ಕನೇ ಪುಟಾನೂ ಅಂಗಿ ಒಗಿಯುವಾಗ ಸಿಕ್ಕದ."

"ನೀವೇ ಬಂದು ಹೇಳ್ತೀರಿ ಅಂತ ಹಾದಿ ನೋಡ್ಲಿಕತ್ತಿದ್ದೆ" ಎಂದರು ಆಪಾ ಮೆಲ್ಲಗೆ. "ನಾಕ್ ತಿಂಗಳು ಹಿಡೀತು, ಮಾಸ್ತರ್ರೀ."

ಆ ಮಾತಿಗೆ ಯಾರೂ ನಗಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನನ್ನ ಮುಖ ನೋಡಿ ಆಪಾ ತಾವೇ ಅಂದರು: "ಹೋಗ್ಲಿ ಬಿಡ್ರಿ. ಗಿಡ ಜೀವಂತ ಅದ. ಬರೋ ವರ್ಷ ಬಿಡ್ತದ."

ಎದೆ ಹಗುರಾಯಿತು. ಉಪಕಾರ ತೀರಿಸುವ ಉತ್ಸಾಹ ಉಕ್ಕಿತು.

"ಹಂಗಾದ್ರ ಬರೋ ಮಾರ್ಚಿಗೆ ನಾನೇ ಸರಿಯಾಗಿ ಕತ್ತರಿಸಿ..."

"ಬ್ಯಾಡ್ರೀ ಮಾಸ್ತರ್ರೀ!" ಎಂದು ಇಡೀ ಗಲ್ಲಿ ಒಟ್ಟಿಗೇ ಕೂಗಿತು.

ಮರುವರ್ಷ ಗಿಡದ ತುಂಬ ಹೂವಾಯಿತು. ಆಪಾ ನನ್ನನ್ನೂ ಮರೆಯದೆ ಚಹಾಕ್ಕೆ ಕರೆದರು. ಕುರ್ಚಿಯನ್ನೂ ಹಾಕಿಸಿದ್ದರು, ಕಂಪೌಂಡಿನ ಆಚೆ, ರಸ್ತೆಯ ಮೇಲೆ.